ನೂರಕ್ಕೆ ಮೂರು ರೂಪಾಯಿ ಯಾರ ಗಲ್ಲಾಪೆಟ್ಟಿಗೆಗೆ?

ಚಿತ್ರರಸಿಕ ಮಿತ್ರರೇ, 'ಶೋಲೆ' ನೋಡದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇರಲಾರಿರಿ! 1975ರಲ್ಲಿ ತೆರೆಕಂಡ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರದಲ್ಲಿ ಜೈ ಮಾತೆತ್ತಿದರೆ ನಾಣ್ಯ ಚಿಮ್ಮುತ್ತಾನೆ. ಹೆಡ್ ಬಿದ್ದರೆ ಹೀಗೆ, ಟೇಲ್ ಬಿದ್ದರೆ ಹಾಗೆ. ಪ್ರತಿಸಲವೂ ಜೈ ಅಂದದ್ದೇ ಆಗುತ್ತದೆ. ಕೊನೆಗೆ ಅವನು ಪ್ರಾಣ ಬಿಟ್ಟ ಮೇಲೆ ವೀರು ಆ ನಾಣ್ಯವನ್ನು ತಿರುಗಿಸಿ ನೋಡುತ್ತಾನೆ. ಎರಡೂ ಕಡೆ ಒಂದೇ ಮುಖ! ಟಾಕೀಸಿನ ಕತ್ತಲಲ್ಲಿ ಎಷ್ಟು ಗಂಡಸರು ಕಣ್ಣೊರೆಸಿಕೊಂಡರೋ, ಲೆಕ್ಕ ಇಟ್ಟವರಿಲ್ಲ.

ಜೈ ಆ ನಾಣ್ಯ ಚಿಮ್ಮಿದ್ದು ಗೆಳೆಯನನ್ನು ಉಳಿಸುವುದಕ್ಕೆ. ನಾನು ಇಲ್ಲಿ ಹೇಳಹೊರಟದ್ದು ಬೇರೊಂದು ನಾಣ್ಯದ ಸಂಗತಿ. ಅದಕ್ಕೆ ಎರಡು ಮುಖವೂ ಸರಿಯಾಗಿಯೇ ಇವೆ. ತಿರುಗಿಸಿ ನೋಡಿದರೂ ಮೋಸ ಕಾಣುವುದಿಲ್ಲ. ಒಂದು ಬದಿ ಮಾತ್ರ ಕೂದಲೆಳೆಯಷ್ಟು ಭಾರ. ಅಷ್ಟೇ! ಆ ಕೂದಲೆಳೆಯಲ್ಲಿ ಎಷ್ಟು ಮನೆಯ ಹುಡುಗರು ನೇತಾಡುತ್ತಿದ್ದಾರೆ ಎಂಬುದು ನನ್ನಂಥ ಪಿಗ್ಮಿ ಕಲೆಕ್ಷನಿನವನಿಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ.

ಹೌದು, ನನ್ನದು ಪಿಗ್ಮಿ ಕೆಲಸ. ಊರು ಅಲೆವೂರು. ಉಡುಪಿಯೂ ಹತ್ತಿರ, ಮಣಿಪಾಲವೂ ಹತ್ತಿರ. ಸಂಜೆಯಾದರೆ ಸ್ಕೂಟರ್ ಹತ್ತಿ ರಾಂಪುರದಿಂದ ಮಂಚಿಯ ತನಕ ಅಂಗಡಿ ಅಂಗಡಿಗೆ ಹೋಗಿ ಐವತ್ತು, ನೂರು ರೂಪಾಯಿ ಎತ್ತಿ ಸೊಸೈಟಿಗೆ ಕಟ್ಟುತ್ತೇನೆ. ಪಿಗ್ಮಿ ಎಂದರೆ ಸಣ್ಣ ಮಾತೆಂದು ತಿಳಿಯಬೇಡಿ! ಹುಟ್ಟಿದ್ದೇ ನಮ್ಮ ಸೀಮೆಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಬ್ಯಾಂಕು 1928ರಲ್ಲಿ ಈ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತೇವೆ ಅಂದರು. ಆ ಎರಡಾಣೆಯಿಂದ ಬೆಳೆದದ್ದೇ ಸಿಂಡಿಕೇಟ್ ಬ್ಯಾಂಕು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಪುಸ್ತಕ ಇವತ್ತಿಗೂ ನಮ್ಮೂರ ಅಂಗಡಿಗಳ ಮೇಜಿನ ಡ್ರಾಯರಿನಲ್ಲಿ ಉಂಟು.

ಸಣ್ಣ ಮೊತ್ತ, ದಿನವೂ ತಪ್ಪದೆ. ಇದೊಂದೇ ಪಿಗ್ಮಿಯ ಗುಟ್ಟು. ಈ ಗುಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ಯಾರೇಜಿನ ಹುಡುಗನ ಪ್ರಶ್ನೆ

2024ರ ಮಳೆಗಾಲ. ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ನನ್ನ ಖಾತೆದಾರ. ಹೆಸರು ಬೇಡ. ದಿನಕ್ಕೆ ನೂರು ರೂಪಾಯಿ ಕಟ್ಟುತ್ತಿದ್ದ. ಸ್ವಂತ ಗ್ಯಾರೇಜು ಹಾಕಬೇಕು ಎಂಬುದು ಅವನ ಕನಸು. ಗೋಡೆಯಲ್ಲಿ ಒಂದು ಕಡೆ ಶಂಕರ್‌ನಾಗ್, ಇನ್ನೊಂದು ಕಡೆ ಹನುಮಂತ. ಅಂಥ ಹುಡುಗ ಒಂದು ಸಂಜೆ, "ಅಣ್ಣಾ, ಪಿಗ್ಮಿ ಕ್ಲೋಸ್ ಮಾಡ್ಲಿಕ್ಕುಂಟು" ಅಂದ. ವರ್ಷ ತುಂಬಿತ್ತು. 36,500 ರೂಪಾಯಿ, ಮೇಲೆ ಬಡ್ಡಿ.

"ಎಂತಕ್ಕೆ ಮಾರಾಯ? ಗ್ಯಾರೇಜಿಗೆ ಜಾಗ ಸಿಕ್ಕಿತಾ?"

ಅವನು ಉತ್ತರ ಹೇಳದೆ ಫೋನು ತೋರಿಸಿದ. ಕಪ್ಪು ಪರದೆಯ ಮೇಲೆ ಒಂದು ಪುಟ್ಟ ವಿಮಾನ ಮೇಲೇರುತ್ತಿತ್ತು. ಪಕ್ಕದಲ್ಲಿ ಅಂಕಿ ಓಡುತ್ತಿತ್ತು. 1.20... 1.55... 2.10... ವಿಮಾನ ಹಾರಿಹೋಗುವ ಮೊದಲು ಗುಂಡಿ ಒತ್ತಿದರೆ ಕಟ್ಟಿದ ಹಣಕ್ಕೆ ಆ ಅಂಕಿಯಷ್ಟು ಪಟ್ಟು ಸಿಗುತ್ತದೆ. ಒತ್ತುವ ಮೊದಲೇ ಹಾರಿಹೋದರೆ ಕಟ್ಟಿದ್ದು ಢಮಾರ್!

ನಾನು ಏನೂ ಹೇಳುವ ಮೊದಲೇ ಅವನು ವಾದ ಶುರುಮಾಡಿದ. "ಇದು ಮೋಸದ ಆಟ ಅಲ್ಲ ಅಣ್ಣಾ. ನೂರಕ್ಕೆ 97 ರೂಪಾಯಿ ವಾಪಸು ಕೊಡ್ತದೆ ಅಂತ ಅದರಲ್ಲೇ ಬರೆದುಂಟು. ಮಟ್ಕಾದವ ಕೊಡುದು ಎಷ್ಟು? ನೀವೇ ಹೇಳಿ!"

ಪ್ರಶ್ನೆ ಸರಿಯಾದದ್ದೇ. ಹುಡುಗ ದಡ್ಡನಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಎಂದು ಹೇಳುವವನು. ಹಾಗಾಗಿ ಬೈಯಲಿಕ್ಕೆ ಹೋಗಲಿಲ್ಲ. ಟೈರಿನ ಮೇಲೆ ಕೂತು, ಪಿಗ್ಮಿ ರಶೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಟ್ಕಾ, ಉಲಾಯಿ-ಪಿದಾಯಿ, ಆರು ಚಿತ್ರದ ದಾಳ

ಮೊದಲು ಮಟ್ಕಾ. ಮುಂಬಯಿಯಲ್ಲಿ ಹತ್ತಿಯ ದರದ ಅಂಕಿಗಳ ಮೇಲೆ ಜನ ಹಣ ಕಟ್ಟುತ್ತಿದ್ದರು. ಅದು ನಿಂತ ಮೇಲೆ 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಮಟ್ಕಾ ಶುರುಮಾಡಿದರು. ಅಲ್ಲಿಂದ ಅದು ನಮ್ಮ ಕರಾವಳಿಯ ಬಸ್‌ಸ್ಟ್ಯಾಂಡುಗಳಿಗೂ ಇಳಿಯಿತು. 00ಯಿಂದ 99ರ ತನಕ ನೂರು ಸಂಖ್ಯೆ. ನಿಮ್ಮದು ಬಂದರೆ ಒಂದು ರೂಪಾಯಿಗೆ ಎಪ್ಪತ್ತು ಎಂದಿಟ್ಟುಕೊಳ್ಳಿ. ನೂರು ಜನ ನೂರು ಸಂಖ್ಯೆಗೆ ಒಂದೊಂದು ರೂಪಾಯಿ ಕಟ್ಟಿದರೆ ಬಂದದ್ದು ನೂರು, ಗೆದ್ದ ಒಬ್ಬನಿಗೆ ಕೊಟ್ಟದ್ದು ಎಪ್ಪತ್ತು. ಉಳಿದ ಮೂವತ್ತು ಬರೆಸಿಕೊಂಡವನಿಗೆ! ಯಾವ ಸಂಖ್ಯೆ ಬಂದರೂ ಅವನಿಗೆ ಅಷ್ಟೇ. ಸಂಖ್ಯೆಯ ಚಿಂತೆ ನಿಮಗೆ, ಅವನಿಗಲ್ಲ.

ಇದನ್ನೇ ಇಂಗ್ಲಿಷಿನವರು ಹೌಸ್ ಎಡ್ಜ್ ಅನ್ನುತ್ತಾರೆ. ನಮ್ಮ ಸಿನಿಮಾ ಭಾಷೆಯಲ್ಲಿ ಗಲ್ಲಾಪೆಟ್ಟಿಗೆಯ ಪಾಲು ಎನ್ನೋಣ. ಹೀರೋ ಗೆಲ್ಲಲಿ, ವಿಲನ್ ಗೆಲ್ಲಲಿ, ಟಿಕೆಟ್ ದುಡ್ಡು ಟಾಕೀಸಿಗೆ!

ಎರಡನೆಯದು, ನಾವು ಉಲಾಯಿ-ಪಿದಾಯಿ ಎನ್ನುವ ಇಸ್ಪೀಟು ಜುಗಾರಿ. ಒಳಗೆ-ಹೊರಗೆ. ಫೋನಿನಲ್ಲಿ ಇದಕ್ಕೆ ಅಂದರ್ ಬಾಹರ್ ಎಂದು ಹೆಸರು. ನಡುವೆ ಒಂದು ಎಲೆ ತೆರೆದಿಟ್ಟು, ಒಳಗೊಂದು ಹೊರಗೊಂದು ಹಾಕುತ್ತ ಹೋಗುವುದು. ಅದೇ ಅಂಕಿಯ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ಗೆಲುವು. ಎರಡಕ್ಕೂ ಸಮ ಅವಕಾಶ ಅಂತ ಕಾಣುತ್ತದಲ್ಲವೇ? ಇಲ್ಲ! ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ನೂರರಲ್ಲಿ ಸುಮಾರು 51.5 ಸಲ ಗೆಲುವು. ಅದಕ್ಕೇ ಆ ಕಡೆ ಗೆದ್ದರೆ ನೂರಕ್ಕೆ ತೊಂಬತ್ತೇ ಲಾಭ ಕೊಡುತ್ತಾರೆ, ಇನ್ನೊಂದು ಕಡೆಗೆ ಪೂರ್ತಿ ನೂರು. ಲೆಕ್ಕ ಹಾಕಿದರೆ ಒಂದು ಕಡೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ, ಇನ್ನೊಂದು ಕಡೆ ಮೂರು ರೂಪಾಯಿ ಗಲ್ಲಾಪೆಟ್ಟಿಗೆಗೆ. ಒಳಗೆ ಕಟ್ಟಿದರೂ ನೀವು ಹೊರಗೆ, ಹೊರಗೆ ಕಟ್ಟಿದರೂ ಹೊರಗೆ!

ಮೂರನೆಯದು ಜಾತ್ರೆಯ ಮೂಲೆಯಲ್ಲಿ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನಡೆಯುತ್ತಿದ್ದ ದಾಳದ ಆಟ. ಬಟ್ಟೆಯ ಮೇಲೆ ಆರು ಚಿತ್ರ, ಡಬ್ಬದಲ್ಲಿ ಮೂರು ದಾಳ. ನಿಮ್ಮ ಚಿತ್ರ ಒಂದು ದಾಳದಲ್ಲಿ ಬಂದರೆ ಒಂದು ಪಟ್ಟು, ಎರಡರಲ್ಲಿ ಬಂದರೆ ಎರಡು ಪಟ್ಟು, ಮೂರರಲ್ಲೂ ಬಂದರೆ ಮೂರು ಪಟ್ಟು. ಎಷ್ಟು ಧಾರಾಳ! ಈಗ ಆರು ಜನ ಆರು ಚಿತ್ರಕ್ಕೆ ಹತ್ತತ್ತು ರೂಪಾಯಿ ಇಟ್ಟರೆನ್ನಿ. ಮೂರು ದಾಳದಲ್ಲೂ ಬೇರೆ ಬೇರೆ ಚಿತ್ರ ಬಂದರೆ ಸೋತ ಮೂವರಿಂದ ಮೂವತ್ತು ಎಳೆದು ಗೆದ್ದ ಮೂವರಿಗೆ ಕೊಡುತ್ತಾನೆ. ಅವನಿಗೆ ಸೊನ್ನೆ. ಎರಡು ದಾಳದಲ್ಲಿ ಒಂದೇ ಚಿತ್ರ ಬಂದರೆ ನಲವತ್ತು ಎಳೆದು ಮೂವತ್ತು ಕೊಡುತ್ತಾನೆ. ಹತ್ತು ಅವನಿಗೆ. ಮೂರರಲ್ಲೂ ಒಂದೇ ಬಂದರೆ ಐವತ್ತು ಎಳೆದು ಮೂವತ್ತು ಕೊಡುತ್ತಾನೆ. ಇಪ್ಪತ್ತು ಅವನಿಗೆ. ಗಮನಿಸಿದಿರಾ? ಬಟ್ಟೆ ತುಂಬಿದ್ದರೆ ಅವನಿಗೆ ನಷ್ಟವಾಗುವ ದಾಳವೇ ಇಲ್ಲ! ದೊಡ್ಡ ಗೆಲುವಿಗೆ ಚಪ್ಪಾಳೆ ಬಿದ್ದಾಗಲೇ ಅವನ ಪೆಟ್ಟಿಗೆ ಹೆಚ್ಚು ತುಂಬುವುದು. ಒಟ್ಟಾರೆ ನೂರಕ್ಕೆ ಸುಮಾರು ಎಂಟು ರೂಪಾಯಿ ಅವನದು.

ಮಟ್ಕಾ ಮೂವತ್ತು, ದಾಳ ಎಂಟು, ಫೋನಿನ ವಿಮಾನ ಮೂರು. "ನೋಡಿದ್ರಾ ಅಣ್ಣಾ, ನಾನು ಹೇಳಿದ್ದು ಸರಿ ಆಯ್ತಲ್ಲ?" ಅಂದ ಹುಡುಗ. ಇಂಟರ್ವಲ್ ತನಕ ಗೆಲುವು ಅವನದೇ!

ಇಂಟರ್ವಲ್ ಆದ ಮೇಲೆ

ಈ ವಿಮಾನದ ಜಾತಿಯ ಆಟಗಳಲ್ಲಿ ಹೆಸರಾದದ್ದು ಹೊರದೇಶದಲ್ಲಿ 2019ರಲ್ಲಿ ಹುಟ್ಟಿತು. ನೂರಕ್ಕೆ 97 ಎಂಬ ಲೆಕ್ಕ ಅದರದ್ದು. ಅರ್ಥ ಹೀಗೆ: ಎರಡು ಪಟ್ಟಿಗೆ ಇಳಿಯುತ್ತೇನೆ ಎಂದು ಕೂತರೆ ನೂರು ಸಲದಲ್ಲಿ 48.5 ಸಲ ಗೆಲ್ಲುತ್ತೀರಿ, ಸರಿಯಾಗಿ ಐವತ್ತಲ್ಲ. ಹತ್ತು ಪಟ್ಟಿಗೆ ಕೂತರೆ 9.7 ಸಲ, ಹತ್ತಲ್ಲ. ಬೇಗ ಇಳಿಯಿರಿ, ತಡವಾಗಿ ಇಳಿಯಿರಿ, ಎಲ್ಲಿ ಇಳಿದರೂ ಸರಾಸರಿ ಅದೇ 97. ಗುಂಡಿ ಒತ್ತುವ ಬೆರಳು ನಿಮ್ಮದೇ ಆದ್ದರಿಂದ ಆಟ ನಿಮ್ಮ ಕೈಯಲ್ಲಿದೆ ಅನ್ನಿಸುತ್ತದೆ. ಬೆರಳು ನಿಮ್ಮದು, ಲೆಕ್ಕ ಅವರದು! ಇದು ಅಸಲಿ ಆಟದ ಮಾತು. ಟೆಲಿಗ್ರಾಮಿನಲ್ಲಿ ಯಾರೋ ಕಳಿಸಿದ ನಕಲಿ ಆಪಿನಲ್ಲಿ 97 ಎಂದು ಬರೆದಿದ್ದರೆ ಅದು ಗೋಡೆಗೆ ಅಂಟಿಸಿದ ಪೋಸ್ಟರು. ಒಳಗೆ ಯಾವ ರೀಲು ಓಡುತ್ತಿದೆಯೋ ಬಲ್ಲವರಾರು?

ಸರಿ, ಅಸಲಿಯೇ ಎಂದುಕೊಳ್ಳೋಣ. ನಾನು ಹುಡುಗನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಮಟ್ಕಾ ದಿನಕ್ಕೆ ಎಷ್ಟು ಸಲ?"

"ಒಂದೋ ಎರಡೋ."

"ವಿಮಾನ?"

ಅವನು ಗೋಡೆಯ ಗಡಿಯಾರ ನೋಡಿ ಎಣಿಸಿದ. ನಿಮಿಷಕ್ಕೆ ನಾಲ್ಕು.

ನಿಮಿಷಕ್ಕೆ ನಾಲ್ಕೆಂದರೆ ಗಂಟೆಗೆ 240. ಸಲಕ್ಕೆ ನೂರು ರೂಪಾಯಿಯಂತೆ ಕಟ್ಟಿದರೆ ಗಂಟೆಯಲ್ಲಿ 24,000 ರೂಪಾಯಿ ಓಡಾಡಿತು. ಜೇಬಿನಲ್ಲಿದ್ದದ್ದು ಬರೇ ಎರಡು ಮೂರು ಸಾವಿರ ಇರಬಹುದು. ಅದೇ ನೋಟು ಹೋಗಿ ಬಂದು, ಹೋಗಿ ಬಂದು 24,000 ಆಯಿತು. ಹೋದಾಗಲೆಲ್ಲ ಬಾಗಿಲಲ್ಲಿ ನೂರಕ್ಕೆ ಮೂರು ಸುಂಕ! ಅಂದರೆ ಸರಾಸರಿ ಗಂಟೆಗೆ 720 ರೂಪಾಯಿ. ಮಟ್ಕಾಕ್ಕೆ ದಿನಕ್ಕೆ ನೂರು ರೂಪಾಯಿ ಕಟ್ಟುವ ಚಟಗಾರ ಸರಾಸರಿ ಕಳೆದುಕೊಳ್ಳುವುದು ದಿನಕ್ಕೆ ಮೂವತ್ತು. ಇಪ್ಪತ್ತನಾಲ್ಕು ದಿನದಲ್ಲಿ ಮಟ್ಕಾದವನು ತಿನ್ನುವುದನ್ನು ವಿಮಾನ ಒಂದೇ ಗಂಟೆಯಲ್ಲಿ ನುಂಗುತ್ತದೆ!

ಹುಡುಗ ಮಾತಾಡಲಿಲ್ಲ. ಫೋನಿನಲ್ಲಿ ಆಟದ ಹಳೇ ಪಟ್ಟಿ ತೆಗೆದ. ಇಬ್ಬರೂ ಕೂಡಿಸಿದೆವು. ಎರಡು ತಿಂಗಳಲ್ಲಿ ಸುಮಾರು 3,900 ಸಲ, ಹೆಚ್ಚುಕಡಿಮೆ ನೂರು ನೂರು ರೂಪಾಯಿ. ಒಟ್ಟು ಓಡಿದ್ದು 3,90,000. ಅದಕ್ಕೆ ನೂರಕ್ಕೆ ಮೂರರಂತೆ 11,700. ಈಗ ಬ್ಯಾಂಕಿನ ಪಟ್ಟಿ ನೋಡಿದೆವು. ಅವನು ಹಾಕಿದ್ದು 40,000, ವಾಪಸು ಬಂದದ್ದು 27,600. ಕಳೆದದ್ದು 12,400! ಅದೃಷ್ಟ ಒಬ್ಬೊಬ್ಬನನ್ನು ಸಾವಿರಗಟ್ಟಲೆ ಆಚೀಚೆ ತಳ್ಳಬಹುದು. ಇವನನ್ನು ಹೆಚ್ಚೇನೂ ತಳ್ಳಿರಲಿಲ್ಲ. ಲೆಕ್ಕ ಅವನ ಬೆನ್ನ ಹಿಂದೆಯೇ ನಡೆದುಕೊಂಡು ಬಂದಿತ್ತು.

"ಗೆದ್ದದ್ದು ಜಾಸ್ತಿ ಅಂತ ನೆನಪು ಅಣ್ಣಾ..." ಅಂದ. ಸುಳ್ಳಲ್ಲ. ಗೆದ್ದ ಸಂಜೆ ಗೆಳೆಯರಿಗೆ ಕಬಾಬು ಕೊಡಿಸಿದ್ದು ನೆನಪಿರುತ್ತದೆ. ನೂರು ನೂರಾಗಿ ಜಾರಿದ್ದು ಯಾರಿಗೆ ನೆನಪು? 3,900 ಸಲವೆಂದರೆ ಹದಿನಾರು ಗಂಟೆ. ಆರು ಸಿನಿಮಾ ನೋಡುವ ಹೊತ್ತು! ಆರು ಸಿನಿಮಾಕ್ಕೆ 12,400 ರೂಪಾಯಿ ಟಿಕೆಟ್ಟು ಯಾವ ಬ್ಲ್ಯಾಕಿನವನೂ ಕೇಳಿರಲಾರ.

"ಈಗ ಬರಲೇಬೇಕು!"

ಆದರೂ ಹುಡುಗನ ಬಳಿ ಇನ್ನೆರಡು ಅಸ್ತ್ರಗಳಿದ್ದವು. ಎಲ್ಲರ ಬಳಿಯೂ ಇರುತ್ತವೆ.

ಒಂದು: "ಆರು ಸಲ ಬೇಗ ಹಾರಿಹೋಯ್ತು. ಈಗ ದೊಡ್ಡದು ಬರಲೇಬೇಕು." 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೋದಲ್ಲೂ ಜನ ಹೀಗೇ ಅಂದುಕೊಂಡಿದ್ದರು. ತಿರುಗುವ ಚಕ್ರದಲ್ಲಿ ಗೋಲಿ ಸತತವಾಗಿ ಕಪ್ಪು ಮನೆಗೇ ಬೀಳುತ್ತಿತ್ತು. ಇನ್ನು ಕೆಂಪು ಬರಲೇಬೇಕೆಂದು ಶ್ರೀಮಂತರು ಮುಗಿಬಿದ್ದು ಕೆಂಪಿಗೆ ಸುರಿದರು. ಕಪ್ಪು ನಿಂತದ್ದು 26 ಸಲ ಬಿದ್ದ ಮೇಲೆ! ಗೋಲಿಗೆ ನೆನಪಿಲ್ಲ ಗೆಳೆಯರೇ. ವಿಮಾನಕ್ಕೂ ಇಲ್ಲ. ನೆನಪು ಇರುವುದು ನಮಗೆ ಮಾತ್ರ.

ಎರಡು: "ಸೋತರೆ ಡಬಲ್ ಕಟ್ಟುದು. ಒಮ್ಮೆ ಗೆದ್ದರೆ ಎಲ್ಲಾ ವಾಪಸು." ಕಟ್ಟಿ ನೋಡಿ. ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು... ಹತ್ತು ಸಲ ಸತತ ಸೋತರೆ ಕೈಬಿಟ್ಟದ್ದು 10,230 ರೂಪಾಯಿ. ಇಷ್ಟೆಲ್ಲ ಯಾತಕ್ಕೆ? ಹತ್ತು ರೂಪಾಯಿ ಲಾಭಕ್ಕೆ! ಎರಡು ಪಟ್ಟಿನ ಆಟದಲ್ಲಿ ಆ ಹತ್ತು ಸೋಲಿನ ಸರಪಳಿ ಸುಮಾರು 760ರಲ್ಲಿ ಒಮ್ಮೆ ಬರುವಂಥದ್ದು. ಅಪರೂಪ ಎನ್ನುತ್ತೀರಾ? ಗಂಟೆಗೆ 240 ಸಲ ಆಡುವವನಿಗೆ ಅಪರೂಪ ಎಂಬುದು ಪಕ್ಕದ ಸ್ಟಾಪಿನಲ್ಲೇ ಬಸ್ಸು ಕಾಯುತ್ತಿರುತ್ತದೆ.

ಕೆಲವರು ಹೇಳುತ್ತಾರೆ, "ನಮ್ಮದು ವಿಮಾನ ಅಲ್ಲ, ಕ್ರಿಕೆಟ್ಟು. ನಮಗೆ ಆಟ ಗೊತ್ತುಂಟು." ಗೊತ್ತಿರಲಿ. ಸಮಬಲದ ಎರಡು ತಂಡಕ್ಕೆ 1.90, 1.90 ಎಂದು ದರ ಹಾಕಿರುತ್ತಾರೆ. ಒಬ್ಬ ಇವರಿಗೆ ನೂರು, ಇನ್ನೊಬ್ಬ ಅವರಿಗೆ ನೂರು ಕಟ್ಟಿದರೆ ಇನ್ನೂರು ಒಳಗೆ, 190 ಹೊರಗೆ. ಹತ್ತು ರೂಪಾಯಿ ಮ್ಯಾಚು ಶುರುವಾಗುವ ಮೊದಲೇ ಪೆವಿಲಿಯನ್ ಸೇರಿತು! ರಮ್ಮಿ ಬುದ್ಧಿಯ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಿಜ. ಆದರೆ ಆರು ಬುದ್ಧಿವಂತರು ಕೂತರೂ ಮೇಜಿನ ಕಮಿಷನ್ ಎತ್ತುವವನು ಏಳನೆಯವನು. ಅವನು ಎಲೆ ಮುಟ್ಟುವುದೂ ಇಲ್ಲ, ಸೋಲುವುದೂ ಇಲ್ಲ.

ನಳ ಕಲಿತ ವಿದ್ಯೆ

ನಮ್ಮ ಕಡೆ ಮಳೆ ನಿಂತು ಯಕ್ಷಗಾನದ ಮೇಳಗಳು ಹೊರಟವೆಂದರೆ ಒಂದಲ್ಲ ಒಂದು ಊರಿನಲ್ಲಿ ನಳ ದಮಯಂತಿ ಪ್ರಸಂಗ ಇದ್ದೇ ಇರುತ್ತದೆ. ಜೂಜಿನಲ್ಲಿ ರಾಜ್ಯ ಕಳಕೊಂಡ ನಳ ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಾನೆ. ದಾರಿಯಲ್ಲಿ ಒಂದು ತಾರೆ ಮರ. ಹಿಂದಿನ ಕಾಲದಲ್ಲಿ ದಾಳ ಮಾಡುತ್ತಿದ್ದದ್ದು ಆ ಮರದ ಕಾಯಿಂದಲೇ. ಋತುಪರ್ಣ ಎಲೆಯೆಷ್ಟು, ಕಾಯಿಯೆಷ್ಟು ಎಂದು ನಿಂತಲ್ಲೇ ಎಣಿಸಿ ಹೇಳುತ್ತಾನೆ. ನಳ ಆ ಎಣಿಕೆಯ ವಿದ್ಯೆ ಕಲಿತ ಕ್ಷಣವೇ ಅವನೊಳಗಿದ್ದ ಕಲಿ ಹೊರಬೀಳುತ್ತಾನೆ. ಹಾಡು, ಕುಣಿತ, ಚೆಂಡೆಯ ನಡುವೆ ಇದನ್ನು ನೂರು ಸಲ ನೋಡಿದ್ದೇವೆ. ಕಲಿಯನ್ನು ಬಿಡಿಸಿದ್ದು ಮಂತ್ರವಲ್ಲ, ಲೆಕ್ಕ!

ಆದರೆ ಒಂದು ಮಾತು. ನಳ ಆಮೇಲೆ ಪುಷ್ಕರನ ಎದುರು ಕೂತು ಗೆದ್ದ. ಯಾಕೆಂದರೆ ಎದುರಿಗೆ ಇದ್ದವನು ಒಬ್ಬ ಮನುಷ್ಯ. ಫೋನಿನ ಎದುರು ಕೂತವನು ಲೆಕ್ಕ ಕಲಿತರೆ ಸಿಗುವ ಗೆಲುವು ಒಂದೇ, ಎದ್ದು ಬರುವುದು. ನೂರಕ್ಕೆ ಮೂರು ಕಡಿಮೆ ಇರುವ ಆಟದಲ್ಲಿ ಜಾಣತನದಿಂದ ನೂರಕ್ಕೆ ಮೂರು ಜಾಸ್ತಿ ಮಾಡುವ ದಾರಿ ಇಲ್ಲ.

ಸರಕಾರವೂ ಸುಮ್ಮನೆ ಕೂತಿಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಮತ್ತೆ 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಒಂದೇ ಕಾನೂನು ಮಾಡಿತು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 22ರಂದು. ಬುದ್ಧಿಯದೋ ಅದೃಷ್ಟದ್ದೋ, ಹಣ ಕಟ್ಟುವ ಆನ್‌ಲೈನ್ ಆಟ ನಡೆಸಿದವನಿಗೆ ಮೂರು ವರ್ಷದ ತನಕ ಸೆರೆಮನೆ, ಒಂದು ಕೋಟಿಯ ತನಕ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವನಿಗೆ ಈ ಕಾನೂನಿನಲ್ಲಿ ಶಿಕ್ಷೆ ಇಲ್ಲ, ಅವನನ್ನು ನೊಂದವನೆಂದೇ ನೋಡಿದ್ದಾರೆ. ಪರದೆಯ ಮೇಲೆ ನ್ಯಾಯಕ್ಕಾಗಿ ಹೋರಾಡುವ ನಮ್ಮ ಮೆಚ್ಚಿನ ತಾರೆಯರಲ್ಲೇ ಕೆಲವರು ಬ್ರೇಕಿನಲ್ಲಿ ಬಂದು "ಆಡಿ, ಗೆಲ್ಲಿ" ಅಂದಾಗ ಹೊಟ್ಟೆ ಉರಿಯುತ್ತಿತ್ತು. ವಜ್ರಮುನಿ ಬಂದರೆ ಅಟ್ಟಹಾಸದಿಂದಲೇ ಖಳನೆಂದು ತಿಳಿಯುತ್ತಿತ್ತು. ಈ ಖಳ ಹೀರೋ ವೇಷದಲ್ಲೇ ನಗುತ್ತ ಬಂದ!

ಕಾನೂನು ಬಾಗಿಲು ಹಾಕಿದೆ. ಹೊರದೇಶದ ಕಿಟಕಿಗಳು ಫೋನಿನಲ್ಲಿ ತೆರೆದುಕೊಳ್ಳುತ್ತಲೇ ಇರುತ್ತವೆ. ಅದಕ್ಕೇ ಲೆಕ್ಕ ನಮ್ಮ ತಲೆಯಲ್ಲಿರಬೇಕು. ಲೆಕ್ಕ ಗೊತ್ತಿದ್ದೂ ಕೈ ನಿಲ್ಲದಿದ್ದರೆ ಅದು ಕಾಯಿಲೆ, ನಾಚಿಕೆಯ ವಿಷಯವಲ್ಲ. ಸರಕಾರದ ಟೆಲಿ ಮನಸ್ 14416ಕ್ಕೆ ಫೋನು ಮಾಡಿದರೆ ಹಗಲೂ ರಾತ್ರಿಯೂ ಕೇಳುವವರಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ.

ಗ್ಯಾರೇಜಿನ ಹುಡುಗ ಏನು ಮಾಡಿದ ಎಂದು ಕೇಳುತ್ತೀರಿ. ಸಿನಿಮಾದ ಹಾಗೆ ಫೋನು ಒಡೆಯಲಿಲ್ಲ, ಆಣೆ ಹಾಕಲಿಲ್ಲ. "ಖಾತೆ ಇರಲಿ ಅಣ್ಣಾ" ಅಂದ, ಅಷ್ಟೇ. ಕೆಲವು ವಾರ ನೂರರ ಬದಲು ಐವತ್ತು ಕಟ್ಟಿದ. ಆ ಉಳಿದ ಐವತ್ತು ಎಲ್ಲಿಗೆ ಹೋಗುತ್ತಿತ್ತೋ ನಾನು ಕೇಳಲಿಲ್ಲ. ಆಮೇಲೆ ಮತ್ತೆ ನೂರಾಯಿತು. ಸ್ವಂತ ಗ್ಯಾರೇಜು ಇನ್ನೂ ಆಗಿಲ್ಲ. ಕೊರಂಗ್ರಪಾಡಿಯ ಕಡೆ ಜಾಗ ನೋಡುತ್ತಿದ್ದಾನೆ.

ಪಿಗ್ಮಿಯ ಗುಟ್ಟು ನೆನಪಿದೆಯೇ? ಸಣ್ಣ ಮೊತ್ತ, ತಪ್ಪದೆ ದಿನವೂ. ಆಪಿನವನ ಗುಟ್ಟೂ ಅದೇ! ಎರಡಾಣೆ ಎರಡಾಣೆ ಸೇರಿ ಬ್ಯಾಂಕು ಬೆಳೆಯುವುದಾದರೆ ಮೂರು ಮೂರು ರೂಪಾಯಿ ಸೇರಿ ಆಪು ಯಾಕೆ ಬೆಳೆಯಬಾರದು? ಅವನೂ ನಿಮ್ಮಿಂದ ಪಿಗ್ಮಿ ಎತ್ತುತ್ತಿದ್ದಾನೆ, ದಿನಕ್ಕೊಮ್ಮೆ ಅಲ್ಲ, ನಿಮಿಷಕ್ಕೆ ನಾಲ್ಕು ಸಲ. ವ್ಯತ್ಯಾಸ ಇಷ್ಟೇ: ಅವನ ಪುಸ್ತಕದಲ್ಲಿ ಖಾತೆ ನಿಮ್ಮ ಹೆಸರಿನಲ್ಲಿಲ್ಲ, ಅವಧಿ ಮುಗಿದ ದಿನ ಹಣ ಹಿಡಿದು ನಿಮ್ಮ ಬಾಗಿಲಿಗೆ ಅವನು ಬರುವುದಿಲ್ಲ.